ಮೂವತ್ತು-ನಲವತ್ತರ ಲೆಕ್ಕದಲ್ಲಿ ಬೇಸ್‌ಬಾಲ್ ಮೈದಾನ: ಮೊದಲ ಗೂಟದಿಂದ ಕೊನೆಯ ಗೆರೆಯವರೆಗೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರು ಪಾಯದ ದಿನವನ್ನು ಮರೆಯುವುದಿಲ್ಲ. ಪೂಜೆ ಮುಗಿದ ಮೇಲೆ ಮೇಸ್ತ್ರಿ ಸೈಟಿನ ಮೂಲೆಗೊಂದು ಗೂಟ ಹೊಡೆದು, ಒಂದು ಮಗ್ಗುಲಿಗೆ 30 ಅಡಿ, ಇನ್ನೊಂದು ಮಗ್ಗುಲಿಗೆ 40 ಅಡಿ ದಾರ ಕಟ್ಟುತ್ತಾರೆ. ಆಮೇಲೆ ಎರಡು ತುದಿಗಳ ನಡುವೆ ಓರೆಯಾಗಿ ಟೇಪು ಹಿಡಿಯುತ್ತಾರೆ. ಸರಿಯಾಗಿ 50 ಅಡಿ ಬಂದರೆ ಮೂಲೆ ಕೂತಿದೆ ಎಂದರ್ಥ. ಒಂದಿಂಚು ಹೆಚ್ಚುಕಮ್ಮಿಯಾದರೂ ಗೂಟ ಕಿತ್ತು ಮತ್ತೆ ಹೊಡೆಯುತ್ತಾರೆ. ಈ ಲೆಕ್ಕ ಗೊತ್ತಿರುವವರಿಗೆ ಬೇಸ್‌ಬಾಲ್ ಮೈದಾನ ಗುರುತು ಹಾಕುವ ಕೆಲಸ ಮುಕ್ಕಾಲು ಪಾಲು ಗೊತ್ತಿದ್ದಂತೆಯೇ. ಆ ಮೈದಾನವೂ ಒಂದು ಮೂಲೆಯಿಂದ ಹುಟ್ಟುವ ಚೌಕ. ಆ ಮೂಲೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್, ಉಳಿದ ಮೂರು ಮೂಲೆಗಳು ಓಟಗಾರ ಸರದಿಯಾಗಿ ಮುಟ್ಟುವ ಫಸ್ಟ್, ಸೆಕೆಂಡ್, ಥರ್ಡ್ ಬೇಸು. ಮೂಲೆ ಕೆಟ್ಟರೆ ಎಲ್ಲವೂ ಕೆಟ್ಟಿತು.

ನಾನು ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುತ್ತಿದ್ದೇನೆ. ಮೈದಾನ ಶಾಲೆಯದು. ಅದೇ ಕೆಂಪು ನೆಲದಲ್ಲಿ ಕ್ರಿಕೆಟ್ಟು, ಕಬಡ್ಡಿ, ಆಗಸ್ಟ್ 15ರ ಪರೇಡು ಎಲ್ಲವೂ ನಡೆಯುತ್ತವೆ. ಹಾಗಾಗಿ ಪ್ರತಿ ವಾರ ಗೆರೆ ಹೊಸದಾಗಿ ಎಳೆಯಬೇಕು, ಆಟ ಮುಗಿದ ಮೇಲೆ ಏನೂ ಉಳಿಯಬಾರದು. ಕೆಳಗಿನದೆಲ್ಲ ಅಂಥ ಹಂಚಿಕೊಂಡ ಮೈದಾನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸ್ವಂತ ಜಾಗವಿರುವ ಕ್ಲಬ್ಬುಗಳಿಗೂ ಅಳತೆ ಇದೇ.

ನಿಮಗೆ ಯಾವ ಅಳತೆ ಬೇಕು

ದೊಡ್ಡವರ ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 27.43 ಮೀಟರ್. ಈ ದೂರ 1857ರಲ್ಲಿ ಅಮೆರಿಕದ ಕ್ಲಬ್ಬುಗಳು ಸೇರಿ ನಿಗದಿ ಮಾಡಿದ್ದು, ಇವತ್ತಿಗೂ ಬದಲಾಗಿಲ್ಲ. ಬ್ಯಾಟರ್ ಕಡೆಗೆ ಚೆಂಡೆಸೆಯುವ ಪಿಚರ್ ನಿಲ್ಲುವ ರಬ್ಬರ್ ಪಟ್ಟಿಗೂ ಹೋಮ್ ಪ್ಲೇಟಿಗೂ ನಡುವೆ 60 ಅಡಿ 6 ಇಂಚು, 18.44 ಮೀಟರ್. ಇದು 1893ರಿಂದ ನಡೆದು ಬಂದಿದೆ. ಕ್ರಿಕೆಟ್ ಪಿಚ್ಚಿನ 22 ಗಜ 66 ಅಡಿಯಾಗುವುದರಿಂದ, ಬೌಲಿಂಗ್ ಗೊತ್ತಿದ್ದ ಹುಡುಗರಿಗೆ ಈ ದೂರ ತೀರಾ ಹೊಸದೆನಿಸುವುದಿಲ್ಲ.

90 ಅಡಿ ಚೌಕವೆಂದರೆ 8,100 ಚದರ ಅಡಿ, ಸುಮಾರು ಏಳೂವರೆ ಗುಂಟೆ. ನಮ್ಮ ಲೆಕ್ಕದಲ್ಲಿ ಮೂವತ್ತು-ನಲವತ್ತರ ಸೈಟು ಆರೂಮುಕ್ಕಾಲು. ಇದು ಇನ್‌ಫೀಲ್ಡಿನ, ಅಂದರೆ ಬೇಸುಗಳಿರುವ ಒಳ ಅಂಗಳದ, ಚೌಕ ಮಾತ್ರ. ಅದರಾಚೆಯ ಔಟ್‌ಫೀಲ್ಡ್, ಬದಿಯ ಜಾಗ ಎಲ್ಲ ಸೇರಿದರೆ ಮೂರು ಎಕರೆಯ ಹತ್ತಿರ ಬೇಕು. ಬೆಂಗಳೂರಿನ ಎಷ್ಟು ಶಾಲೆಗಳಲ್ಲಿ ಅಷ್ಟು ನೆಲವಿದೆ? ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ ಜಾಗದ ಬಗ್ಗೆ ಅಲ್ಲ, ಮಕ್ಕಳ ವಯಸ್ಸಿನ ಬಗ್ಗೆ. 12 ವರ್ಷದೊಳಗಿನವರಿಗೆ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗಿನ ಅಳತೆ ಸಾಕು: ಬೇಸಿನ ನಡುವೆ 60 ಅಡಿ, ಪಿಚಿಂಗ್ ದೂರ 46 ಅಡಿ. ಚೌಕ 3,600 ಚದರ ಅಡಿ, ಅಂದರೆ ಮೂರೇ ಮೂರು ಸೈಟು. ಹೋಮಿನಿಂದ 200 ಅಡಿಗೇ ಬೇಲಿ ಬಂದರೂ ನಡೆಯುತ್ತದೆ, ಒಟ್ಟು ಒಂದು ಎಕರೆಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ. 11ರಿಂದ 13ರವರಿಗೆ 70 ಅಡಿ ಬೇಸು, 50 ಅಡಿ ಪಿಚಿಂಗ್. ಹೈಸ್ಕೂಲಿನ 13-14ರವರಿಗೆ 80 ಅಡಿ, 54 ಅಡಿ. 90ರ ಚೌಕ ಅದಾದ ಮೇಲೆ. ಜಾಗ ಇದೆಯಲ್ಲ ಎಂದು ಹತ್ತು ವರ್ಷದ ಮಗುವನ್ನು 90 ಅಡಿಗೆ ಓಡಿಸಬೇಡಿ. ಎಸೆತ ಮುಟ್ಟುವುದಿಲ್ಲ, ಆಟ ಕೂಡುವುದಿಲ್ಲ, ಎರಡೇ ವಾರದಲ್ಲಿ ಮಗು ಮೈದಾನಕ್ಕೆ ಬರುವುದನ್ನು ಬಿಡುತ್ತದೆ.

ಬಿಸಿಲು ಯಾವ ಕಡೆಯದು

ಹೋಮ್ ಪ್ಲೇಟಿನಿಂದ ಪಿಚರ್ ಮೂಲಕ ಸೆಕೆಂಡ್ ಬೇಸಿಗೆ ಹೋಗುವ ಗೆರೆ ಪೂರ್ವ-ಈಶಾನ್ಯಕ್ಕೆ ಇರುವುದು ಒಳ್ಳೆಯದೆಂದು ಅಮೆರಿಕದ ನಿಯಮ ಪುಸ್ತಕ ಹೇಳುತ್ತದೆ. ಮಧ್ಯಾಹ್ನದ ಆಟಕ್ಕೆ ಅದು ಸರಿ, ಇಳಿಯುವ ಸೂರ್ಯ ಬ್ಯಾಟರ್ ಬೆನ್ನಿಗೆ ಬೀಳುತ್ತಾನೆ. ಆಗ ಪಿಚರ್ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾನೆ, ಅವನ ಎಡಗೈ ದಕ್ಷಿಣಕ್ಕಿರುತ್ತದೆ. ಎಡಗೈ ಪಿಚರ್‌ಗಳನ್ನು ‘ಸೌತ್‌ಪಾ’ ಎಂದು ಕರೆಯುವುದು ಇದರಿಂದಲೇ ಎಂದು ಹೇಳುವುದುಂಟು.

ಆದರೆ ನಮ್ಮ ಊರಿನಲ್ಲಿ ಆಟ ನಡೆಯುವುದು ಬೆಳಿಗ್ಗೆ ಏಳಕ್ಕೆ. ಆ ಹೊತ್ತಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಬ್ಯಾಟರ್‌ಗೆ ಪಿಚರ್ ಕೈಯಿಂದ ಬಿಟ್ಟ ಚೆಂಡೇ ಕಾಣುವುದಿಲ್ಲ. ಸುಮಾರು 145 ಗ್ರಾಂ ತೂಕದ ಗಟ್ಟಿ ಚೆಂಡು ಅದು, ಕಾಣದೇ ಹೋದರೆ ಮುಖಕ್ಕೇ ಬರುತ್ತದೆ. ಗೆರೆಯನ್ನು ಪಶ್ಚಿಮಕ್ಕೆ ತಿರುಗಿಸಿದರೆ ಅದೇ ಬಿಸಿಲು ಪಿಚರ್ ಕಣ್ಣಿಗೆ ಹೊಡೆಯುತ್ತದೆ. ಅವನತ್ತ ಮರಳಿ ಬರುವ ಚೆಂಡು ಇನ್ನೂ ಜೋರಿನದು. ಆದ್ದರಿಂದ ಬೆಳಿಗ್ಗೆಯೂ ಸಂಜೆಯೂ ಆಡುವ ಮೈದಾನಕ್ಕೆ ನನ್ನ ಆಯ್ಕೆ ಉತ್ತರ ದಿಕ್ಕು: ದಕ್ಷಿಣದಲ್ಲಿ ಹೋಮ್, ಉತ್ತರದಲ್ಲಿ ಸೆಕೆಂಡ್ ಬೇಸ್. ಬೆಳಗಿನ ಬಿಸಿಲು ಥರ್ಡ್ ಬೇಸಿನಲ್ಲಿ ನಿಂತವರ ಮುಖಕ್ಕೆ ಬರುತ್ತದೆ, ಅವರಿಗೆ ಟೋಪಿ ಕಡ್ಡಾಯ ಮಾಡಿ. ಯಾರಿಗಾದರೂ ಬಿಸಿಲು ಬಂದೇ ಬರುತ್ತದೆ. ಬ್ಯಾಟರ್, ಪಿಚರ್, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಈ ಮೂವರಿಗೆ ಮಾತ್ರ ಬರದಂತೆ ನೋಡಿಕೊಂಡರೆ ಆಯಿತು. ದಿಕ್ಕಿಗೆ ಫೋನಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಗೇಟು, ನಿಲ್ಲಿಸಿದ ಗಾಡಿ ಹತ್ತಿರವಿರುವಾಗ ನೋಡಬೇಡಿ.

ಮೈದಾನದ ನಡುವೆ ಕ್ರಿಕೆಟ್ಟಿಗೆ ಹಾಕಿದ ಕಾಂಕ್ರೀಟ್ ಪಟ್ಟಿ ಇದ್ದೇ ಇರುತ್ತದೆ. ಅದು ಇನ್‌ಫೀಲ್ಡಿನೊಳಗೆ ಬರಲೇಬಾರದು, ಅಲ್ಲಿ ಮಕ್ಕಳು ಜಾರಿ ಬೀಳುತ್ತಾರೆ. ಇನ್‌ಫೀಲ್ಡಿನ ಕೊನೆಯಂಚು ರಬ್ಬರ್ ಪಟ್ಟಿಯ ಮಧ್ಯದಿಂದ 95 ಅಡಿ ತ್ರಿಜ್ಯದ ಕಮಾನು. ಅಂದರೆ ಹೋಮಿನಿಂದ ನೇರಕ್ಕೆ 155 ಅಡಿ 6 ಇಂಚಿನವರೆಗೆ ಮೆತ್ತನೆ ನೆಲ ಬೇಕು. ಲಿಟಲ್ ಲೀಗಿನಲ್ಲಿ ಕಮಾನು 50 ಅಡಿಯದು, ಹಾಗಾಗಿ 96 ಅಡಿ. ಹೋಮನ್ನು ಎಲ್ಲಿಡಬೇಕೆಂದು ಈ ಒಂದು ಅಳತೆಯೇ ಎಷ್ಟೋ ಸಲ ತೀರ್ಮಾನ ಮಾಡಿಬಿಡುತ್ತದೆ.

ಟೇಪು, ದಾರ, ಗೂಟ

ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ 50 ಮೀಟರಿನ ಟೇಪು ಸಿಗುತ್ತದೆ. 30 ಮೀಟರಿನದು ಸಾಲದು, ಕರ್ಣದ ಅಳತೆ ಅದನ್ನು ಮೀರುತ್ತದೆ. ಎರಡು ಟೇಪು ಇದ್ದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕೊಳ್ಳುವಾಗ ಸೊನ್ನೆ ಎಲ್ಲಿಂದ ಶುರುವಾಗುತ್ತದೆಂದು ನೋಡಿಕೊಳ್ಳಿ: ಕೆಲವದರಲ್ಲಿ ತುದಿಯ ಕೊಂಡಿಯೂ ಲೆಕ್ಕಕ್ಕೆ ಸೇರುತ್ತದೆ, ಕೆಲವದರಲ್ಲಿ ಇಲ್ಲ. ಎರಡು ಟೇಪಿನಲ್ಲಿ ಎರಡು ಥರ ಇದ್ದರೆ ಚೌಕ ಸೊಟ್ಟಗಾಗುತ್ತದೆ, ಕಾರಣ ಹುಡುಕಿ ಸುಸ್ತಾಗುತ್ತೀರಿ. ಫೈಬರ್ ಟೇಪನ್ನು ಜಗ್ಗಿದರೆ ಹಿಗ್ಗುತ್ತದೆ. ನೆಲಕ್ಕೆ ಒತ್ತಿ, ಜೋತು ಬೀಳದಷ್ಟು ಮಾತ್ರ ಬಿಗಿ ಮಾಡಿ. ಗಾರೆ ಕೆಲಸದ ಲೈನ್ ದಾರ, ಒಂದಡಿಯ ಕಬ್ಬಿಣದ ಗೂಟ ಐದಾರು, ಸುತ್ತಿಗೆ, ಟ್ಯೂಬ್ ಲೆವೆಲ್ಲು. ಇಷ್ಟೇ.

ಈಗ ಗುರುತು. ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿ ಎಲ್ಲಿ ಬರಬೇಕೋ ಅಲ್ಲಿ ಮೊದಲ ಗೂಟ. ಮೈದಾನದ ಎಲ್ಲ ಅಳತೆಯೂ ಈ ಬಿಂದುವಿನಿಂದಲೇ ಹುಟ್ಟುತ್ತದೆ. ಇಲ್ಲಿಂದ ನೀವು ಆರಿಸಿದ ದಿಕ್ಕಿಗೆ ಟೇಪು ಬಿಟ್ಟು 127 ಅಡಿ 3⅜ ಇಂಚಿಗೆ, ಮೀಟರಿನಲ್ಲಾದರೆ 38.79ಕ್ಕೆ, ಎರಡನೇ ಗೂಟ. ಅದು ಸೆಕೆಂಡ್ ಬೇಸಿನ ನಡುಬಿಂದು. ಈಗ ಒಂದು ಟೇಪಿನ ಸೊನ್ನೆ ಹೋಮಿನ ಗೂಟಕ್ಕೆ, ಇನ್ನೊಂದರ ಸೊನ್ನೆ ಸೆಕೆಂಡಿನ ಗೂಟಕ್ಕೆ. ಬಲಗಡೆ ನಿಂತವರು ಎರಡೂ ಟೇಪುಗಳ 90 ಅಡಿಯ ಗುರುತನ್ನು ಒಂದೇ ಕಡೆ ಕೂಡಿಸಬೇಕು. ಕೂಡಿದ ಜಾಗ ಫಸ್ಟ್ ಬೇಸಿನ ಹೊರಮೂಲೆ. ಎಡಗಡೆಯೂ ಹಾಗೇ ಮಾಡಿದರೆ ಥರ್ಡ್ ಬೇಸ್. ಕೊನೆಗೆ ಫಸ್ಟಿನಿಂದ ಥರ್ಡಿಗೆ ಅಡ್ಡ ಅಳೆಯಿರಿ, ಅದೂ 127 ಅಡಿ 3⅜ ಇಂಚೇ ಬರಬೇಕು. ಬರದಿದ್ದರೆ ಸಮಾಧಾನ ಮಾಡಿಕೊಂಡು ಮುಂದೆ ಹೋಗಬೇಡಿ.

ಚಿಕ್ಕ ಮೈದಾನಗಳ ಕರ್ಣ ಹೀಗಿದೆ: 60ಕ್ಕೆ 84 ಅಡಿ 10¼ ಇಂಚು, 70ಕ್ಕೆ 98 ಅಡಿ 11⅞ ಇಂಚು, 80ಕ್ಕೆ 113 ಅಡಿ 1⅝ ಇಂಚು.

ಒಂದೇ ಟೇಪಿದ್ದರೆ ಮೇಸ್ತ್ರಿಯ ಉಪಾಯ ಮಾಡಿ, ಆದರೆ 30-40-50ರ ಬದಲು 60-80-100 ಹಿಡಿಯಿರಿ. ಯಾಕೆಂದರೆ 50 ಅಡಿಯ ಓರೆಯಲ್ಲಿ ಒಂದೇ ಇಂಚು ತಪ್ಪಿದರೆ 90 ಅಡಿಯ ಬೇಸಿನ ಹತ್ತಿರ ಅದು ಮೂರೂಮುಕ್ಕಾಲು ಇಂಚಾಗುತ್ತದೆ, 325 ಅಡಿಯ ಬೇಲಿಗೆ ಹೋಗುವಷ್ಟರಲ್ಲಿ ಒಂದಡಿ ದಾಟುತ್ತದೆ. ಗೆರೆಯ ಮೇಲೆ ಬಿದ್ದ ಚೆಂಡು ಒಳಗೋ ಹೊರಗೋ ಎಂಬ ಜಗಳ ಹುಟ್ಟುವುದು ಅಲ್ಲೇ. ತ್ರಿಕೋನ ದೊಡ್ಡದಾದಷ್ಟೂ ತಪ್ಪು ಸಣ್ಣದಾಗುತ್ತದೆ.

ಹದಿನೇಳು ಇಂಚಿನ ತಪ್ಪು

ಮೊದಲ ವರ್ಷ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಹೋಮ್ ಪ್ಲೇಟ್ 17 ಇಂಚಿನ ಚೌಕ, ಅದರ ಹಿಂದಿನ ಎರಡು ಮೂಲೆಗಳನ್ನು ಕತ್ತರಿಸಿದ ಐದು ಮೂಲೆಯ ಪಟ್ಟಿ. ಮುಂದಿನ ಅಂಚು 17 ಇಂಚು, ಎರಡು ಬದಿ ಎಂಟೂವರೆ, ಹಿಂದಿನ ಎರಡು ಓರೆ 12 ಇಂಚು. ಮುಂಭಾಗ ಅಗಲವಾಗಿ ಕಣ್ಣಿಗೆ ಬೀಳುತ್ತದಲ್ಲ, ಅಲ್ಲಿಂದಲೇ 46 ಅಡಿ ಅಳೆದು ರಬ್ಬರ್ ಪಟ್ಟಿ ಹಾಕಿದೆ. ಅಳೆಯಬೇಕಾದದ್ದು ಹಿಂದಿನ ಚೂಪು ತುದಿಯಿಂದ, ರಬ್ಬರ್ ಪಟ್ಟಿಯ ಮುಂದಿನ ಅಂಚಿಗೆ. ಹೀಗೆ ನಮ್ಮ ಪಿಚರ್ 17 ಇಂಚು ಹಿಂದೆ ನಿಂತ.

ಒಂದೂಕಾಲಡಿಯ ಮೇಲೊಂದಿಷ್ಟು, ಅಷ್ಟೇ ತಾನೆ ಎನ್ನಬಹುದು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಚೆನ್ನಾಗಿ ಎಸೆಯುತ್ತಿದ್ದಳು. ಅವಳ ಚೆಂಡು ಪ್ರತಿ ಸಲ ಪ್ಲೇಟಿನ ಮುಂದೆ ನೆಲ ಮುಟ್ಟುತ್ತಿತ್ತು. ನಾನು ‘ಇನ್ನೂ ಜೋರಾಗಿ ಹಾಕಮ್ಮಾ’ ಎನ್ನುತ್ತಲೇ ಇದ್ದೆ. ತಿಂಗಳೊಳಗೆ ಭುಜ ನೋಯುತ್ತದೆಂದು ಬರುವುದನ್ನು ನಿಲ್ಲಿಸಿದಳು. ಬೇರೆ ಊರಿನಿಂದ ಬಂದ ಹಿರಿಯ ಆಟಗಾರರೊಬ್ಬರು ಒಂದು ಭಾನುವಾರ ಮೈದಾನದಲ್ಲಿ ನಡೆದಾಡಿ, ‘ಸ್ವಾಮಿ, ಟೇಪು ಕೊಡಿ ಸ್ವಲ್ಪ’ ಎಂದು ಅಳೆದು ತೋರಿಸಿದರು. ಅಂದೇ ಸಂಜೆ ಹುಡುಗಿಯ ಮನೆಗೆ ಹೋಗಿ, ತಪ್ಪು ನಿನ್ನದಲ್ಲ, ನನ್ನ ಅಳತೆಯದು ಎಂದು ಹೇಳಿ ಬಂದೆ. ಭುಜ ಸುಧಾರಿಸಿದ ಮೇಲೆ ಅವಳು ತಿರುಗಿ ಬಂದಳು. ಆವತ್ತಿನಿಂದ ಪ್ಲೇಟಿನ ಚೂಪು ತುದಿಗೆ ಕೆಂಪು ಬಣ್ಣ ಬಳಿದಿಟ್ಟಿದ್ದೇನೆ.

ಇನ್ನೊಂದು ತಪ್ಪು ಬಹಳ ಮಂದಿ ಮಾಡುತ್ತಾರೆ: ಪಿಚರ್ ಚೌಕದ ನಟ್ಟನಡುವೆ ನಿಲ್ಲುತ್ತಾನೆಂದು ತಿಳಿದು, ಎರಡು ಕರ್ಣಗಳು ಕೂಡುವಲ್ಲಿ ಪಟ್ಟಿ ಹಾಕುವುದು. 90ರ ಚೌಕದಲ್ಲಿ ಆ ನಡುಬಿಂದು ಹೋಮಿನಿಂದ ಸುಮಾರು 63 ಅಡಿ 8 ಇಂಚು. ರಬ್ಬರ್ ಪಟ್ಟಿ ಅದಕ್ಕಿಂತ ಮೂರಡಿಗೂ ಹೆಚ್ಚು ಮುಂದಿರುತ್ತದೆ.

ಬೇಸುಗಳ ವಿಷಯ. ನಾಲ್ಕು ಮೂಲೆಗೂ ಒಂದೇ ನಿಯಮವಿಲ್ಲ. ಫಸ್ಟ್ ಮತ್ತು ಥರ್ಡ್ ಬೇಸಿನ ದಿಂಬು ಪೂರ್ತಿ ಚೌಕದೊಳಗೆ, ಹೊರ ಅಂಚುಗಳು ದಾರಕ್ಕೆ ತಾಗಿಕೊಂಡು. ಹಾಗಿದ್ದರೆ ಮಾತ್ರ ದಿಂಬಿಗೆ ಬಡಿದ ಚೆಂಡು ಫೇರ್, ಅಂದರೆ ಆಟದ ಗೆರೆಯೊಳಗಿನದು, ಎಂಬ ಮಾತಿಗೆ ಅರ್ಥ ಬರುತ್ತದೆ. ಸೆಕೆಂಡ್ ಬೇಸು ಮಾತ್ರ ತನ್ನ ಗೂಟದ ಮೇಲೆ ನಡುವಾಗಿ ಕೂರುತ್ತದೆ. ದಿಂಬಿನ ಅಳತೆ 15 ಇಂಚಿನ ಚೌಕ. ಅಮೆರಿಕದ ಮೇಜರ್ ಲೀಗಿನಲ್ಲಿ 2023ರಿಂದ ಅದು 18 ಇಂಚಾಗಿದೆ. ನಮ್ಮ ಶಾಲಾ ಮಟ್ಟಕ್ಕೆ 15 ಇಂಚಿನ ರಬ್ಬರ್ ಹಾಸೇ ಸರಿ, ಹಂಚಿಕೊಂಡ ಮೈದಾನದಲ್ಲಿ ಎತ್ತಿಡಲೂ ಸುಲಭ.

ದಿಬ್ಬ

ಪಿಚರ್ ದಿಬ್ಬ ಹಾಕುವುದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯದು. ವ್ಯಾಸ 18 ಅಡಿ, ಎತ್ತರ ಹೋಮ್ ಪ್ಲೇಟಿನ ಮಟ್ಟದಿಂದ 10 ಇಂಚು. ಮೊದಲು 15 ಇಂಚಿನವರೆಗೂ ಇತ್ತು; 1968ರಲ್ಲಿ ಪಿಚರ್‌ಗಳದ್ದೇ ಮೇಲುಗೈಯಾಗಿ ರನ್ನು ಬತ್ತಿಹೋದಾಗ ಮರುವರ್ಷ 10ಕ್ಕೆ ಇಳಿಸಿದರು. ಐದಿಂಚು ಮಣ್ಣು ಆಟವನ್ನು ಎಷ್ಟು ಬದಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದಿಬ್ಬದ ಕೇಂದ್ರ ಹೋಮಿನ ತುದಿಯಿಂದ 59 ಅಡಿಗೆ ಬರುತ್ತದೆ, ಪಟ್ಟಿಗಿಂತ 18 ಇಂಚು ಮುಂದೆ. ಆ ಕೇಂದ್ರಕ್ಕೆ ಗೂಟ ಹೊಡೆದು 9 ಅಡಿ ದಾರದಲ್ಲಿ ವೃತ್ತ ಎಳೆಯಿರಿ. ರಬ್ಬರ್ ಪಟ್ಟಿ 24 ಇಂಚು ಉದ್ದ, 6 ಇಂಚು ಅಗಲ. ಅದರ ಸುತ್ತ 5 ಅಡಿ ಅಗಲ, 34 ಇಂಚು ಆಳದ ಸಮತಟ್ಟು ಜಗಲಿ. ಪಟ್ಟಿಯ ಮುಂದೆ 6 ಇಂಚು ಸಮತಟ್ಟು ಬಿಟ್ಟು, ಅಲ್ಲಿಂದ ಹೋಮಿನ ಕಡೆಗೆ ಅಡಿಗೊಂದು ಇಂಚಿನಂತೆ ಇಳಿಜಾರು. ಲೆಕ್ಕ ಹಾಕಿ ನೋಡಿ: ವೃತ್ತದ ಮುಂದಂಚು ಹೋಮಿನಿಂದ 50 ಅಡಿ, ಪಟ್ಟಿ 60 ಅಡಿ 6 ಇಂಚು. ನಡುವಿನ ಹತ್ತೂವರೆ ಅಡಿಯಲ್ಲಿ ಅರ್ಧ ಅಡಿ ಸಮತಟ್ಟು, ಉಳಿದ ಹತ್ತಡಿಗೆ ಹತ್ತಿಂಚು ಇಳಿದು ಸರಿಯಾಗಿ ನೆಲ ಸೇರುತ್ತದೆ. ಈ ಲೆಕ್ಕ ಮೊದಲ ಸಲ ಕೂಡಿಬಂದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಮಟ್ಟಕ್ಕೆ ಟ್ಯೂಬ್ ಲೆವೆಲ್ಲೇ ಸಾಕು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿ ಹೋಮಿನ ಹತ್ತಿರ, ಇನ್ನೊಂದು ದಿಬ್ಬದ ಗೂಟದ ಹತ್ತಿರ ಹಿಡಿದು ಹತ್ತಿಂಚಿನ ಗುರುತು ಮಾಡಿಕೊಳ್ಳಿ. ಮಣ್ಣು 80ರಿಂದ 100 ಘನ ಅಡಿ ಹಿಡಿಯುತ್ತದೆ, ಬಡಿದ ಮೇಲೆ ಕುಗ್ಗುವುದರಿಂದ ಮೂರನೇ ಒಂದು ಪಾಲು ಹೆಚ್ಚು ತರಿಸಿ. ನಮ್ಮ ಕೆಂಪು ಮಣ್ಣು ಒಂದೇ ಆದರೆ ಒಣಗಿದಾಗ ಪುಡಿಯಾಗುತ್ತದೆ, ಪಿಚರ್ ಕಾಲೂರುವಲ್ಲಿ ಗುಂಡಿ ಬೀಳುತ್ತದೆ. ಆ ಜಾಗಕ್ಕೆ ಮತ್ತು ಜಗಲಿಗೆ ಜೇಡಿ ಮಣ್ಣು ಸೇರಿಸಿ. ಹುತ್ತದ ಮಣ್ಣು ಚೆನ್ನಾಗಿ ಕಚ್ಚಿಕೊಳ್ಳುತ್ತದೆಂಬುದು ನಿಜ, ಆದರೆ ಜನ ಹಾಲೆರೆದು ಪೂಜಿಸುವ ಹುತ್ತಕ್ಕೆ ಯಾರೂ ಕೈಹಾಕಬೇಡಿ. ಕೆರೆಯ ಜೇಡಿ ಮಣ್ಣು ಅಷ್ಟೇ ಚೆನ್ನಾಗಿ ಕೂರುತ್ತದೆ.

ಒಂದೇ ಸಲ ಗುಡ್ಡೆ ಹಾಕಬೇಡಿ. ಎರಡಿಂಚಿನ ಪದರ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಮೇಲ್ಭಾಗವನ್ನು ಕುಂಟೆಯಿಂದ ಕೊಂಚ ಗೀರಿ, ಆಮೇಲೆ ಮುಂದಿನ ಪದರ. ಗೀರದಿದ್ದರೆ ಪದರಗಳು ಹಪ್ಪಳದಂತೆ ಬೇರೆಯಾಗುತ್ತವೆ. ಒದ್ದೆ ಎಷ್ಟಿರಬೇಕು? ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಮೆತ್ತಬಾರದು.

ಹಂಚಿಕೊಂಡ ಮೈದಾನದಲ್ಲಿ ದಿಬ್ಬಕ್ಕೆ ಅನುಮತಿ ಸಿಗುವುದು ಕಷ್ಟ. 12ರೊಳಗಿನ ಮಕ್ಕಳನ್ನು ಸಮ ನೆಲದಲ್ಲೇ ಆಡಿಸಿ, ಏನೂ ತೊಂದರೆಯಿಲ್ಲ. ಲಿಟಲ್ ಲೀಗಿನಲ್ಲಿ ದಿಬ್ಬದ ಎತ್ತರವೇ 6 ಇಂಚು.

ಗೆರೆಗಳು

ಸುಣ್ಣದ ಪುಡಿ ಬಳಸಬೇಡಿ. ಅರಳಿದ ಸುಣ್ಣವೂ ಕಣ್ಣು, ಚರ್ಮವನ್ನು ಸುಡುತ್ತದೆ, ಮಕ್ಕಳು ಮುಖ ಮುಂದು ಮಾಡಿ ಜಾರುವುದು ಇದೇ ಗೆರೆಗಳ ಮೇಲೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆಗಟ್ಟಲೆ ಸಿಗುವ ಕಲ್ಲಿನ ರಂಗೋಲಿ ಪುಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೆಂಪು ನೆಲದಲ್ಲಿ ಎದ್ದು ಕಾಣುತ್ತದೆ. ಅಕ್ಕಿಹಿಟ್ಟಿನ ರಂಗೋಲಿಯಾದರೆ ಇರುವೆ ಮುತ್ತುತ್ತದೆ.

ಹೋಮಿನಿಂದ ಫಸ್ಟ್ ಮತ್ತು ಥರ್ಡ್ ಬೇಸಿನ ಹೊರ ಅಂಚಿಗೆ ತಾಗಿಸಿ ಬೇಲಿಯವರೆಗೆ ಬಿಗಿಯಾಗಿ ದಾರ ಕಟ್ಟಿ. ಪುಡಿ ಬೀಳಬೇಕಾದದ್ದು ದಾರದ ಒಳ ಮಗ್ಗುಲಿಗೆ, ಏಕೆಂದರೆ ಫೌಲ್ ಗೆರೆ ಎಂದು ಕರೆಯುವ ಈ ಗೆರೆಯೂ ಫೇರ್ ಜಾಗವೇ. ಹೆಸರು ಕೇಳಿ ಹೊರಗಿನದೆಂದು ತಿಳಿಯುವವರೇ ಹೆಚ್ಚು. ಗೆರೆಯನ್ನು ಬ್ಯಾಟರ್ ಚೌಕದೊಳಗೆ ಎಳೆಯುವುದಿಲ್ಲ.

ಬ್ಯಾಟರ್ ಚೌಕ ಪ್ಲೇಟಿನ ಎರಡೂ ಕಡೆ 6 ಇಂಚು ಬಿಟ್ಟು, 4 ಅಡಿ ಅಗಲ, 6 ಅಡಿ ಉದ್ದ. ಉದ್ದದಲ್ಲಿ ಮೂರಡಿ ಪ್ಲೇಟಿನ ನಡುವಿನಿಂದ ಮುಂದಕ್ಕೆ, ಮೂರಡಿ ಹಿಂದಕ್ಕೆ. ಮೊದಲೆರಡು ಓವರಿನಲ್ಲೇ, ಕ್ಷಮಿಸಿ, ಇನ್ನಿಂಗ್ಸಿನಲ್ಲೇ ಇದು ಅಳಿಸಿಹೋಗುತ್ತದೆ. ಬಿದಿರು ಪಟ್ಟಿಯಲ್ಲಿ ಒಂದು ಚೌಕಟ್ಟು ಮಾಡಿಟ್ಟುಕೊಂಡರೆ ನೆಲಕ್ಕಿಟ್ಟು ಅಂಚಿಗೆ ಪುಡಿ ಸುರಿದರಾಯಿತು. ಕ್ಯಾಚರ್ ಚೌಕ 43 ಇಂಚು ಅಗಲ, ಪ್ಲೇಟಿನ ತುದಿಯಿಂದ 8 ಅಡಿ ಹಿಂದಕ್ಕೆ. ಫಸ್ಟ್ ಬೇಸಿನ ದಾರಿಯ ಕೊನೆಯ 45 ಅಡಿಗೆ ಫೌಲ್ ಗೆರೆಯಿಂದ 3 ಅಡಿ ಹೊರಗೆ ಓಟದ ಪಟ್ಟಿಯ ಗೆರೆ. ಕೋಚ್ ಚೌಕ ಬೇಸಿನ ಗೆರೆಯಿಂದ 15 ಅಡಿ ಆಚೆ, ಮುಂದಿನ ಬ್ಯಾಟರ್ ಕಾಯುವ ವೃತ್ತ 5 ಅಡಿ ವ್ಯಾಸದ್ದು.

ಬೇಲಿ ಮತ್ತು ಬಲೆ

ದೊಡ್ಡ ಮೈದಾನಗಳಲ್ಲಿ ಎರಡು ಬದಿಯ ಗೆರೆಗುಂಟ 325 ಅಡಿ, ನಡುವೆ 400 ಅಡಿ ಬೇಲಿ ಇರುತ್ತದೆ. ನಮ್ಮಲ್ಲಿ ಕಾಂಪೌಂಡ್ ಗೋಡೆ ಎಲ್ಲಿದೆಯೋ ಅದೇ ಬೇಲಿ. ಗೋಡೆ ಹತ್ತಿರವಿರುವ ಬದಿಯಲ್ಲಿ ಚೆಂಡು ದಾಟಿದರೆ ಬ್ಯಾಟರ್‌ಗೆ ಎರಡೇ ಬೇಸು ಎಂದು ಆಟಕ್ಕೆ ಮುಂಚೆ ಒಪ್ಪಿಕೊಳ್ಳಿ.

ಬಲೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹೋಮಿನ ಹಿಂದೆ 60 ಅಡಿ ಖಾಲಿ ಜಾಗ ಇರಬೇಕೆನ್ನುತ್ತಾರೆ, ಮಕ್ಕಳ ಮೈದಾನಕ್ಕೆ 25 ಅಡಿ ಇದ್ದರೂ ನಡೆಯುತ್ತದೆ. ಆದರೆ ಬ್ಯಾಟಿಗೆ ಸವರಿದ ಚೆಂಡು ಹಿಂದಕ್ಕೂ ಬದಿಗೂ ಹಾರುತ್ತದೆ. ಅಲ್ಲೇ ಪಾಲಕರು ಕೂರುತ್ತಾರೆ, ಗಾಡಿ ನಿಲ್ಲುತ್ತದೆ, ಪಕ್ಕದ ಮನೆಯ ಕಿಟಕಿ ಇರುತ್ತದೆ. ಕ್ರಿಕೆಟ್ಟಿನ ನೈಲಾನ್ ಬಲೆಯನ್ನೇ ಹದಿನೈದು-ಇಪ್ಪತ್ತಡಿ ಎತ್ತರಕ್ಕೆ ಹೋಮಿನ ಹಿಂದೆ ಕಮಾನಿನಂತೆ ಕಟ್ಟಿ, ಎರಡೂ ಬದಿಯ ಬೆಂಚುಗಳ ಮುಂದಕ್ಕೂ ಎಳೆಯಿರಿ. ಬಲೆ ಕಟ್ಟುವವರೆಗೆ ಗಟ್ಟಿ ಚೆಂಡು ಚೀಲದಿಂದ ಹೊರಗೆ ಬರಬಾರದು.

ಮಳೆ, ಮತ್ತು ಮುಂದಿನ ಭಾನುವಾರ

ಮೇ ತಿಂಗಳ ಸಂಜೆಯ ಗುಡುಗು ಮಳೆ, ಸೆಪ್ಟೆಂಬರ್-ಅಕ್ಟೋಬರಿನ ಸುರಿತ ಎರಡೂ ಸಾಮಾನ್ಯವಾಗಿ ಹಾಳುಮಾಡುವುದು ಎರಡು ಜಾಗ: ಬ್ಯಾಟರ್ ಕಾಲಡಿ ಮತ್ತು ದಿಬ್ಬದ ಮುಂದೆ. ಆಟ ಮುಗಿದ ತಕ್ಷಣ ಆ ಗುಂಡಿಗಳಿಗೆ ಮಣ್ಣು ತುಂಬಿ ಬಡಿದು, ಟಾರ್ಪಾಲು ಹೊದಿಸಿ, ಅಂಚಿಗೆ ಮರಳು ಚೀಲ ಇಡಿ. ಹೋಮ್ ಮತ್ತು ಮೂರೂ ಬೇಸು ಒಂದೇ ಮಟ್ಟದಲ್ಲಿರಲಿ, ನೀರಿನ ಇಳಿಜಾರು ಕಮಾನಿನಿಂದ ಆಚೆಗೆ ನೂರಡಿಗೆ ಒಂದಡಿಯಂತೆ ಸಾಕು.

ಗೂಟಗಳನ್ನು ನೆಲದ ಮೇಲೆ ಬಿಟ್ಟು ಹೋಗಬೇಡಿ, ಸೋಮವಾರ ಅಲ್ಲಿ ಬರಿಗಾಲಲ್ಲಿ ಕಬಡ್ಡಿ ಆಡುತ್ತಾರೆ. ನಾವು ಐದೂ ಬಿಂದುಗಳಲ್ಲಿ, ಅಂದರೆ ಹೋಮ್, ಮೂರು ಬೇಸು, ರಬ್ಬರ್ ಪಟ್ಟಿಯ ಮುಂದಂಚಿನ ನಡುವೆ, ಒಂದಡಿಯ ಪಿವಿಸಿ ಪೈಪಿನ ತುಂಡನ್ನು ನೆಲಮಟ್ಟಕ್ಕಿಂತ ನಾಲ್ಕಿಂಚು ಕೆಳಗೆ ಹೂತಿದ್ದೇವೆ. ಬಾಯಿಗೆ ಕೆಂಪು ಬಟ್ಟೆಯ ಚೂರು ತುರುಕಿ ಮೇಲೆ ಮಣ್ಣು ಮುಚ್ಚಿದ್ದೇವೆ. ಹೋಮಿನ ಜಾಗವನ್ನು ಧ್ವಜಸ್ತಂಭದಿಂದಲೂ ಗೋಡೆಯ ಮೂಲೆಯಿಂದಲೂ ಅಳೆದು ಆ ಎರಡು ಸಂಖ್ಯೆಗಳನ್ನು ಕಿಟ್ ಚೀಲದ ಮುಚ್ಚಳದ ಒಳಗೆ ಬರೆದಿಟ್ಟಿದ್ದೇವೆ. ಭಾನುವಾರ ಆರೂವರೆಗೆ ಮೊದಲು ಬಂದ ಇಬ್ಬರು ಮಕ್ಕಳು ಎರಡು ಟೇಪು ಹಿಡಿದು ಆ ಸಂಖ್ಯೆಗಳನ್ನು ಕೂಡಿಸುತ್ತಾರೆ, ಕೂಡಿದಲ್ಲಿ ಕೈಯಿಂದ ಮಣ್ಣು ಕೆದರುತ್ತಾರೆ. ಕೆಂಪು ಬಟ್ಟೆ ಕಂಡರೆ ಗೂಟ ಇಳಿಸಿ ದಾರ ಬಿಚ್ಚುತ್ತಾರೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಗೆರೆ ಮುಗಿದಿರುತ್ತದೆ.